ಐದು ವರ್ಷದ ರೊಟ್ಟಿ ಐದು ವರ್ಷದ ಬ್ಯಾನಿ ಆಗಿ ಹೋಯ್ತು

ಭಾಳ ದಿನದಿಂದ ಬರೀಬೇಕು ಅಂತ ಮನಸಿನ್ಯಾಗ ಇತ್ತು, ಆಗಿದ್ದಿಲ್ಲ. ನಿನ್ನಿ ಸಂಜಿಕ ನಮ್ಮ ಝೆರಾಕ್ಸ್ ಅಂಗಡಿಗೆ ಜೇವರ್ಗಿ ಕಡಿಂದ ಒಬ್ಬ ಹುಡುಗ ಬಂದಿದ್ದ, ಅವರಪ್ಪನ ನಡಾ ಬ್ಯಾನಿದು ಇನ್ಶೂರೆನ್ಸ್ ಫೈಲ್ ಹಿಡ್ಕೊಂಡು, ಎರಡು ಸೆಟ್ ಮಾಡ್ರಿ ಅಣ್ಣಾರ ಅಂದ. ಮಷಿನ್ ಮ್ಯಾಲ ಇಡೂ ಮುಂದ ಮ್ಯಾಲಿನ ಕಾಗದ ಕಣ್ಣಿಗೆ ಬಿತ್ತು, ರಿಜೆಕ್ಷನ್ ಲೆಟರ್. ನಮ್ಮ ಮನಿಗೆ ಹೋದ ವರ್ಷ ಬಂದಿದ್ದ ಲೆಟರಿನ ಮಾತೇ ಅದು, ಕಂಪನಿ ಬ್ಯಾರೆ, ದವಾಖಾನಿ ಬ್ಯಾರೆ, ಸಾಲು ಮಾತ್ರ ಅದೇ ಸಾಲು. ಈ ಟ್ರೀಟ್‌ಮೆಂಟ್ ಒಪಿಡಿಯೊಳಗೇ (ಅಡ್ಮಿಟ್ ಮಾಡ್ಕೊಳ್ದ ನೋಡೋ ಹೊರರೋಗಿ ವಿಭಾಗ) ಆಗ್ತಿತ್ತು, ಅಡ್ಮಿಟ್ ಆಗೋ ಜರೂರತ್ ಇದ್ದಿಲ್ಲ ಅಂತ. ಹುಡುಗನ್ನ ಕುಂದ್ರಿಸಿ ಚಾ ತರಿಸಿ ಒಂದು ತಾಸು ಮಾತಾಡಿದೆ. ಅವನಿಗೆ ಹೇಳಿದ್ದೆಲ್ಲ ಇಲ್ಲಿ ಬರೀಲತ್ತೀನಿ, ಉದ್ದ ಆಗ್ತದ, ಆದ್ರೂ ಮನ್ಯಾಗ ಯಾರಿಗಾದ್ರೂ ಇಂಥ ಬ್ಯಾನಿ ಇದ್ದೋರು ಪೂರಾ ಓದ್ರಿ.

ನಮ್ಮ ಮನ್ಯಾಕಿ ರೊಟ್ಟಿ ಬಡದು ಮಾರ್ತಾಳ. 2020ರ ಲಾಕ್‌ಡೌನಿನ್ಯಾಗ ನನ್ನ ಅಂಗಡಿ ಶಟರ್ ಬಿದ್ದಾಗ ಶುರು ಮಾಡಿದ್ದು, ಮೊದಲ ಓಣಿಯವ್ರಿಗೆ, ಆಮ್ಯಾಲ ಎರಡು ಖಾನಾವಳಿಗೆ, ಈಗ ಮದಿವಿ ಸೀಜನ್ ಇದ್ರ ದಿನಾ ನೂರಾ ಐವತ್ತು ಖಡಕ್ ರೊಟ್ಟಿ. ಮುಂಜಾನಿ ನಾಕಕ್ಕ ನೆಲದ ಮ್ಯಾಲ ಕುಂತ್ರ ಒಂಬತ್ತರ ತನಕ ಏಳೂದಿಲ್ಲ. ಹಂಗ ದುಡದಾಕಿ. 2024ರ ದಸರಾ ಮುಂದ ಜ್ವಾಳದ ಹಿಟ್ಟಿನ ಚೀಲ ಎತ್ತಿದಾಗ ನಡದಾಗ ಚಳಕ್ ಅಂತು, ಎರಡು ದಿನಕ್ಕ ಹೋಗ್ತದ ಅಂತ ಎಣ್ಣಿ ಹಚ್ಚಿ ಬಿಟ್ಟಳು. ಹೋಗ್ಲಿಲ್ಲ. ನಡದಿಂದ ಎಡಗಾಲಿನ ಹಿಮ್ಮಡಿ ತನಕ ಇಳೀತು, ಕರೆಂಟ್ ಹೊಡದಂಗ ಆಗ್ತದ್ರಿ ಅಂತಿದ್ಲು.

ರಾತ್ರಿ ಮೂರಕ್ಕ ನನಗ ಎಚ್ಚರ ಆಗ್ತಿತ್ತು, ಬಾಜೂಕ ಅಕಿ ಇರ್ತಿದ್ದಿಲ್ಲ. ನೋಡಿದ್ರ ಅಡಗಿ ಮನ್ಯಾಗ ಕತ್ತಲದಾಗ ಕಟ್ಟಿ ಮ್ಯಾಲ ಎರಡೂ ಕೈ ಊರಿ, ಎಡಗಾಲು ಒಂದೀಟು ಎತ್ತಿ, ಹಣಿ ಗ್ವಾಡಿಗೆ ಹಚ್ಚಿ ನಿಂತಿರ್ತಿದ್ಲು. ಮಲಗಿದ್ರ ಜಾಸ್ತಿ, ಕುಂತ್ರ ಜಾಸ್ತಿ, ನಿಂತ್ರ ಸ್ವಲ್ಪ ಕಮ್ಮಿ. ಅಳೋದಿಲ್ಲ, ಮಾತಿಲ್ಲ. ಮಕ್ಕಳು ಎದ್ದಾವು ಅಂತ ಲೈಟ್ ಹಚ್ಚಲಾಕೂ ಬಿಡ್ತಿದ್ದಿಲ್ಲ. ಇದು ಒಂದ್ ದಿನದ ಮಾತಲ್ಲ, ಐದು ತಿಂಗಳು ಹಿಂಗೇ. ಈ ನಿಂತಿದ್ದು ಯಾವ ರಿಪೋರ್ಟಿನ್ಯಾಗ ಬರ್ತದ ಹೇಳ್ರಿ? ಎಂಆರ್‌ಐ ಮಾಡ್ಸಿದ್ರ ನಡದ ಎಲ್4-ಎಲ್5 ಎಲುಬಿನ ನಡುವಿನ ಡಿಸ್ಕ್ ಉಬ್ಬಿ ನರ ಒತ್ತಲತ್ತದ ಅಂತ ಬಂತು, ಆದ್ರ ಎಷ್ಟು ನೋಯ್ತದ ಅನ್ನೋದು ಅದರಾಗ ಇರಂಗಿಲ್ಲ. ಜ್ವರ ಇದ್ರ ಥರ್ಮಾಮೀಟರ್ ಅದ, ಶುಗರ್ ಇದ್ರ ನಂಬರ್ ಅದ. ಬ್ಯಾನಿಗೆ ಬ್ಯಾನಿ ಇದ್ದಾಕಿ ಮಾತೇ ಪುರಾವಿ, ಅದನ್ನೇ ಅವರು ನಂಬಂಗಿಲ್ಲ.

ಟ್ರೀಟ್‌ಮೆಂಟಿಂದು ಹೇಳ್ತೀನಿ. ಮೊದಲ ಗುಳಗಿ, ನರದ ಬ್ಯಾನಿಗೆ ಪ್ರೆಗಾಬಾಲಿನ್ ಕೊಟ್ಟಿದ್ರು, ಅದು ತಗೊಂಡ್ರ ಮುಂಜಾನಿ ತನಕ ತಲಿ ಭಾರ, ಹಂಚಿನ ಮುಂದ ಜೋಲಿ ಹೊಡೀತಿತ್ತು, ನನಗ ಅದೇ ಅಂಜಿಕಿ. ಆಮ್ಯಾಲ ಫಿಸಿಯೋಥೆರಪಿ, ಒಂದ್ ಸಲಕ್ಕ 300 ರೂಪಾಯಿ, 18 ಸಲ ಹೋದ್ಲು. ಇದ್ಯಾವುದಕ್ಕೂ ಇನ್ಶೂರೆನ್ಸ್ ಇಲ್ಲ, ಯಾಕಂದ್ರ ಒಪಿಡಿ. ಸೊಲ್ಲಾಪುರಕ್ಕ ಹೋಗ್ರಿ ಅಂದೋರು ಒಬ್ರು, ಹೈದರಾಬಾದಿಗೆ ಹೋಗ್ರಿ ಅಂದೋರು ಒಬ್ರು, ನಮ್ಮ ಕಡೆ ಯಾವಾಗ್ಲೂ ಇದೇ ಅಲ್ಲೇನ್ರಿ. ಕಡೀಕ ಇಲ್ಲೇ ಕಲಬುರಗಿಯೊಳಗ ಒಬ್ಬ ಪೇನ್ ಡಾಕ್ಟ್ರು ಸಿಕ್ಕರು, ಭಾಳ ಒಳ್ಳೆಯವ್ರು, ಅವರು ಹೇಳಿದ್ರು, ಆಪರೇಷನ್ ಈಗ್ಲೇ ಬ್ಯಾಡ, ನರದ ಬುಡಕ್ಕ ಒಂದು ಇಂಜೆಕ್ಷನ್ ಕೊಟ್ಟು ನೋಡೂಣು, ಇಳದ್ರ ಇಳೀತು ಅಂತ. ಸೊಂಟಕ್ಕ ಸೂಜಿ ಅಂದ್ರ ನಾವು ತಿಳ್ಕೊಂಡಂಗ ಕುಂಡಿಗೆ ಚುಚ್ಚಿ ಕಳಸೋದಲ್ಲ ಅದು. ಆಪರೇಷನ್ ಥಿಯೇಟರಿನ್ಯಾಗ ಬೋರಲ ಮಲಗಿಸಿ, ಸಿ-ಆರ್ಮ್ ಅಂತ ಎಕ್ಸ್‌ರೇ ಮಷಿನ್ ಮ್ಯಾಲ ಹಿಡದು, ಟಿವಿಯೊಳಗ ಎಲುಬು ನೋಡ್ಕೋತ ಸೂಜಿ ಬಿಡ್ತಾರ, ಒಂದೀಟು ಆಚಿ ಈಚಿ ಆದ್ರ ನರಕ್ಕೇ ತಾಗ್ತದ. ಮುಂಜಾನಿ ಎಂಟಕ್ಕ ಅಡ್ಮಿಟ್, ಸಂಜಿ ಏಳಕ್ಕ ಡಿಸ್ಚಾರ್ಜ್. ಬಿಲ್ 41,600.

ಪಾಲಿಸಿ ಇತ್ತು. 2021ರ ಆಗಸ್ಟ್‌ದಾಗ ಕೊರೊನಾ ಅಂಜಿಕಿಗೆ ತಗೊಂಡಿದ್ದು, ಐದು ಲಕ್ಷದ್ದು, ಪ್ರತಿ ವರ್ಷ ಟೈಮಿಗೆ ಸರಿಯಾಗಿ ಕಟ್ಟೀನಿ, ಅದರ ಮ್ಯಾಲ 18 ಪರ್ಸೆಂಟ್ ಜಿಎಸ್‌ಟಿನೂ ಕಟ್ಟೀನಿ (ಆ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ತಗದಾರ, ಅದೊಂದು ಚಲೋ ಆಯ್ತು). ಕ್ಯಾಶ್‌ಲೆಸ್ (ಬಿಲ್ ಕಂಪನಿನೇ ನೇರ ದವಾಖಾನಿಗೆ ಕಟ್ಟೋದು) ಕೇಳಿದ್ರ ಒಂದು ತಾಸಿನ್ಯಾಗ ಹೂಂ ಇಲ್ಲ ಉಹೂಂ ಹೇಳಬೇಕು ಅಂತ ಇನ್ಶೂರೆನ್ಸ್ ಕಂಪನಿಗಳ ಮ್ಯಾಲ ನಿಗಾ ಇಡೋ ಸರ್ಕಾರಿ ಸಂಸ್ಥೆ ಐಆರ್‌ಡಿಎಐದವ್ರು 2024ರ ಮೇ ತಿಂಗಳ ಸರ್ಕ್ಯುಲರ್‌ದಾಗ ಹೇಳ್ಯಾರ. ನಮಗ ಮುಂಜಾನಿ ಎಂಟಕ್ಕ ಕಳಿಸಿದ್ದಕ್ಕ ಮಧ್ಯಾಹ್ನ ಮೂರಕ್ಕ ಉತ್ತರ ಬಂತು, ಇಲ್ಲ ಅಂತ. ಅಷ್ಟೊತ್ತಿಗೆ ಅಕಿ ಥಿಯೇಟರಿಂದ ಹೊರಗ ಬಂದು ಮಲಗಿದ್ಲು. ಭಿಶಿ (ಚೀಟಿ ಫಂಡ್) ಎತ್ತಿದ ರೊಕ್ಕ ಮನ್ಯಾಗ ಇತ್ತು, ಮಗಳ ಕಾಲೇಜಿಗೆ ಅಂತ ಇಟ್ಟಿದ್ದು, ಅದನ್ನೇ ಕಟ್ಟಿ ಕರ್ಕೊಂಡು ಬಂದೆ. ಆಮ್ಯಾಲ ಎಲ್ಲಾ ಬಿಲ್ ಜೋಡಿಸಿ ಕೊರಿಯರ್ ಮಾಡಿದೆ.

ಮೊದಲನೇ ಲೆಟರ್, 24 ತಾಸು ಅಡ್ಮಿಟ್ ಇಲ್ಲ, ಒಪಿಡಿಯೊಳಗ ಆಗೋ ಕೆಲಸ. ನಾ ಪಾಲಿಸಿ ಬುಕ್ ತಗದು ಓದಿದೆ, ನಮ್ಮ ದಂಧೆನೇ ಕಾಗದ ಅಲ್ಲೇನ್ರಿ. ಡೇ ಕೇರ್ ಅಂತ ಒಂದು ಅದ, ಬೇಹೋಷ್ ಮಾಡಿ ಇಲ್ಲ ಆ ಜಾಗ ಅಷ್ಟೇ ಮರಗಟ್ಟಿಸಿ ದವಾಖಾನ್ಯಾಗ ಮಾಡೋ ಟ್ರೀಟ್‌ಮೆಂಟು, ಹೊಸ ಮಷಿನ್ ಬಂದದ್ದಕ್ಕ 24 ತಾಸಿಗಿಂತ ಕಮ್ಮಿ ಹೊತ್ತಿನ್ಯಾಗ ಮುಗೀತದ ಅಂದ್ರ ಅದಕ್ಕೂ ಕೊಡಬೇಕು ಅಂತ. ಆದ್ರ ಅದರ ಕೆಳಗೇ ಒಂದು ಸಾಲು, ಸಾಮಾನ್ಯವಾಗಿ ಒಪಿಡಿಯೊಳಗ ಆಗೋದು ಇದರಾಗ ಬರಂಗಿಲ್ಲ ಅಂತ. ಬ್ಯಾನಿದು ಎಲ್ಲಾ ಕ್ಲೇಮ್ ಸಾಯೋದು ಆ ಒಂದು ಸಾಲಿನ್ಯಾಗ. ಸಾಮಾನ್ಯವಾಗಿ ಅಂದ್ರ ಏನು, ಯಾರ ಪ್ರಕಾರ ಸಾಮಾನ್ಯ? ಥಿಯೇಟರ್, ಸಿ-ಆರ್ಮ್, ಅನಸ್ತೇಶಿಯಾ ಡಾಕ್ಟ್ರು ಇವೆಲ್ಲ ಯಾವ ಒಪಿಡಿ ರೂಮಿನ್ಯಾಗ ಇರ್ತಾವು? ಡಾಕ್ಟ್ರಿಂದ ಲೆಟರ್ ಬರಸಿ, ಥಿಯೇಟರ್ ನೋಟ್ಸ್ ಹಚ್ಚಿ ಹೊಳ್ಳಿ ಕಳಿಸಿದೆ.

ಎರಡನೇ ಲೆಟರಿನ್ಯಾಗ ಕಾರಣನೇ ಬದಲು ಮಾಡಿದ್ರು. ಪೇಶಂಟಿಗೆ ಐದು ವರ್ಷದಿಂದ ನಡಾ ಬ್ಯಾನಿ ಅದ, ಪಾಲಿಸಿ ತಗೊಳ್ಳೋ ಮುಂದ ಮುಚ್ಚಿಟ್ಟಾರ, ಅದಕ್ಕ ಕ್ಲೇಮ್ ಇಲ್ಲ ಅಂತ. ನನಗ ಕಾಲ ಕೆಳಗಿನ ನೆಲ ಕುಸದಂಗ ಆಯ್ತು. ಐದು ವರ್ಷ ಎಲ್ಲಿಂದ ಬಂತು? ಅಕಿಗೂ ಕೇಳಿದೆ, ನೀ ಏನರೆ ಹೇಳಿದೇನು ಅಂತ ಸ್ವಲ್ಪ ಸಿಟ್ಟಿಲೇ ಕೇಳಿದೆ, ಅದು ಈಗ್ಲೂ ನನ್ನ ಮನಸಿಗೆ ಚುಚ್ತದ. ಮರುದಿನ ದವಾಖಾನಿಗೆ ಹೋಗಿ ಕೇಸ್ ಶೀಟ್ ಕಾಪಿ ಕೇಳಿದೆ. ಪೇಶಂಟ್ ಕಡೆಯವ್ರು ಕೇಳಿದ್ರ 72 ತಾಸಿನ್ಯಾಗ ಕೊಡಬೇಕು ಅಂತ ಮೆಡಿಕಲ್ ಕೌನ್ಸಿಲಿಂದು 2002ರ ನಿಯಮ ಅದ, ಅದನ್ನ ಹೇಳಿದ್ಮ್ಯಾಲೇ ಕೊಟ್ರು.

ಅಡ್ಮಿಶನ್ ಹಾಳಿ ಮ್ಯಾಲ ನೀಲಿ ಪೆನ್ನಿಲೆ ಇಂಗ್ಲಿಷಿನ್ಯಾಗ ಬರದಿತ್ತು, ನಡಾ ಬ್ಯಾನಿ, ಗುಣಾಕಾರದ ಚಿಹ್ನಿ, 5, ಅದರ ಬಾಜೂಕ ವೈ ಅಕ್ಷರ. ವೈ ಅಂದ್ರ ವರ್ಷ. ನೋಡಿದ ಕೂಡ್ಲೆ ಆ ಮುಂಜಾನಿ ಕಣ್ಣ ಮುಂದ ಬಂತು. ಡ್ಯೂಟಿ ಡಾಕ್ಟ್ರು ಸಣ್ಣ ಹುಡುಗ, ಹೊರಗಿನವ್ರು, ಕನ್ನಡ ಅಷ್ಟಕ್ಕಷ್ಟ. ಎಷ್ಟು ದಿನದಿಂದ ಅದ ಅಂತ ಕೇಳಿದ್ರು. ಇಕಿ ಹೇಳಿದ್ಲು, "ಐದ್ ವರ್ಷ ಆಯ್ತ್ರಿ ಸರ್ ರೊಟ್ಟಿ ಬಡೀಲತ್ತು, ಈಗ ದಸರಾದಿಂದ ಹಿಂಗಾಗ್ಯಾದ." ಆ ಹುಡುಗನ ಕಿವಿಗೆ ಐದು ವರ್ಷ ಅಷ್ಟೇ ಬಿತ್ತು. ರೊಟ್ಟಿ ಬಿಟ್ಟು ಹೋಯ್ತು, ಹಾಳಿ ಮ್ಯಾಲ ಬ್ಯಾನಿ ಉಳೀತು. ಅವರಿಗೆ ನಾ ಬೈಯಂಗಿಲ್ಲ, ರಾತ್ರಿ ಪೂರಾ ಡ್ಯೂಟಿ ಮಾಡಿ ಕೆಂಪ್ ಕಣ್ಣಿಲೆ ಕುಂತಿದ್ರು. ಆದ್ರ ಎಂಆರ್‌ಐ ತಾರೀಖು, ಗುಳಗಿ ಚೀಟಿ, ಫಿಸಿಯೋ ರಶೀದಿ ಎಲ್ಲಾ ದಸರಾ ಆದ್ಮ್ಯಾಲಿನವು ಇದ್ದಾಗ, ಆ ಒಂದು ಅಕ್ಷರ ಹಿಡ್ಕೊಂಡು ನಮಗ ಸುಳ್ಳರು ಅಂದ ಕಂಪನಿಗೆ ಮಾತ್ರ ನನ್ನ ಹೊಟ್ಟಿ ಉರೀತದ. ದೊಡ್ಡ ಡಾಕ್ಟ್ರು ತಪ್ಪಾಗ್ಯಾದ, ಐದು ತಿಂಗಳು ಅಂತ ಸಹಿ ಸಿಕ್ಕಾ ಹಾಕಿ ಬರದು ಕೊಟ್ರು. ಕಂಪನಿಯವ್ರು ಅದನ್ನ, ಕ್ಲೇಮ್ ರಿಜೆಕ್ಟ್ ಆದ್ಮ್ಯಾಲ ಬರಸ್ಕೊಂಡದ್ದು ಅಂತ ಒಪ್ಪಲಿಲ್ಲ. 2021ಕ್ಕಿಂತ ಮೊದಲ ಬ್ಯಾನಿ ಇದ್ದಿಲ್ಲ ಅನ್ನಲಾಕ ಪುರಾವಿ ತೋರಸ್ರಿ ಅಂದ್ರು. ಇಲ್ಲದ ಬ್ಯಾನಿಗೆ ಚೀಟಿ ಎಲ್ಲಿಂದ ತರೂದು? ಕೋರ್ಟಿಗೆ ಹೋಗೋ ವಕೀಲ್ರು ನಮ್ಮ ಅಂಗಡಿಗೆ ದಿನಾ ಬರ್ತಾರ, ಒಬ್ರಿಗೆ ತೋರಿಸಿದೆ, ಅವರು ಹೇಳಿದ್ರು, ಮುಚ್ಚಿಟ್ಟಾರ ಅಂತ ಯಾರು ಅಂತಾರೋ ಸಾಬೀತು ಮಾಡೋದೂ ಅವರದ್ದೇ ಕೆಲಸ, ನಿಮ್ದಲ್ಲ.

ನನಗ ಎಲ್ಲಕ್ಕಿಂತ ಹೆಚ್ಚು ಸಿಟ್ಟು ಬಂದದ್ದು ಬ್ಯಾರೆ ಮಾತಿಗೆ. ಫೋನಿನ್ಯಾಗ ಟಿಪಿಎದವ್ರಿಗೆ (ಕಂಪನಿ ಪರವಾಗಿ ಕ್ಲೇಮ್ ನೋಡೋರು) ಕೇಳಿದೆ, ಹಂಗಾದ್ರ ಇದೇ ಡಿಸ್ಕಿಂದು ಆಪರೇಷನ್ ಮಾಡ್ಸಿದ್ರ ಏನು ಮಾಡ್ತಿದ್ರಿ ಅಂತ. ಸರ್ ಅದು ಕವರ್ ಆಗ್ತದ, ಎರಡು ವರ್ಷದ ವೇಟಿಂಗ್ (ಪಾಲಿಸಿ ತಗೊಂಡ ಮ್ಯಾಲ ಕಾಯೋ ಟೈಮ್) ನಿಮ್ದು ಮುಗದದ ಅಂದ್ರು. ಅಂದ್ರ ಬೆನ್ನು ಕೊಯ್ಸಿಕೊಂಡು ಎರಡು ಲಕ್ಷದ ಬಿಲ್ ತಂದ್ರ ಕೊಡ್ತಾರ, ಕೊಯ್ಸಬಾರದು ಅಂತ ನಲವತ್ತು ಸಾವಿರದ ಸೂಜಿ ಹಾಕಿಸ್ಕೊಂಡ್ರ ಕೊಡಂಗಿಲ್ಲ. ಫಿಸಿಯೋಥೆರಪಿ ಮಾಡ್ಸಿ ದವಾಖಾನಿ ಕಟ್ಟಿ ಹತ್ತದಂಗ ನೋಡ್ಕೊಂಡ್ರ ಒಂದು ಪೈಸಾ ಇಲ್ಲ. ಬಡವರ ಹೆಣ್ಣಮಕ್ಕಳು ಎಷ್ಟು ಮಂದಿ ಇದೇ ಕಾರಣಕ್ಕ ಬ್ಯಾಡಾಗಿದ್ದ ಆಪರೇಷನ್ ಮಾಡ್ಸಿಕೋತಾರೋ ಅಂತ ನನಗ ಖರೇನೇ ಅಂಜಿಕಿ ಆಗ್ತದ. ಮೂರು ತಿಂಗಳ ಮ್ಯಾಲ ಉಳಿಯೋ ಬ್ಯಾನಿಯನ್ನ ವಿಶ್ವ ಆರೋಗ್ಯ ಸಂಸ್ಥೆಯವ್ರೇ ಬ್ಯಾರೆ ಮಾಡಿ ಗುರ್ತಿಸಿ, 2022ರಿಂದ ಜಾರಿಗೆ ಬಂದ ಐಸಿಡಿ-11 ಅನ್ನೋ ರೋಗಗಳ ಪಟ್ಟಿಯೊಳಗ ಅದಕ್ಕ ಎಂಜಿ30 ಅಂತ ಬ್ಯಾರೆ ನಂಬರೇ ಕೊಟ್ಟಾರ. ಪಾಲಿಸಿ ಬರಿಯೋರು ಮಾತ್ರ ಬ್ಯಾನಿ ಅಂದ್ರ ರೋಗದ ಸುದ್ದಿ ಅಷ್ಟೇ, ರೋಗ ಅಲ್ಲ ಅಂತ ಇನ್ನೂ ಹಳೇ ಹಾದಿಯೊಳಗೇ ಅದಾರ.

ಹುಡುಗನಿಗೆ ಹೇಳಿದ್ದು ಇಷ್ಟು. ಫೋನಿನ್ಯಾಗ ರಿಜೆಕ್ಟ್ ಅಂದ್ರ ಹೂಂ ಅನ್ನಬ್ಯಾಡ್ರಿ, ಪಾಲಿಸಿಯ ಯಾವ ಕಲಮಿನ ಪ್ರಕಾರ ಅಂತ ಬರಹದಾಗ ತಗೋರಿ. ಕ್ಲೇಮ್ ರಿವ್ಯೂ ಕಮಿಟಿ ನೋಡಿ ಒಪ್ಪದೇ ಯಾವ ಕ್ಲೇಮೂ ರಿಜೆಕ್ಟ್ ಮಾಡಬಾರದು ಅಂತ ಅದೇ 2024ರ ಸರ್ಕ್ಯುಲರ್‌ದಾಗ ಅದ, ಹಂಗಾಗಿ ನಮ್ಮ ಫೈಲ್ ಕಮಿಟಿ ಮುಂದ ಯಾವ ತಾರೀಖಿಗೆ ಬಂತು ಅಂತ ಕೇಳ್ರಿ. ನಾ ಮೂರು ಸಲ ಕೇಳೀನಿ, ಒಂದು ಸಲನೂ ಉತ್ತರ ಇಲ್ಲ, ಆ ಉತ್ತರ ಇಲ್ಲದ್ದೂ ನಮ್ಮ ಫೈಲಿನ್ಯಾಗ ಒಂದು ಕಾಗದನೇ. ಮೊದಲ ಕಂಪನಿಯ ಗ್ರೀವೆನ್ಸ್ (ದೂರು) ಆಫೀಸರಿಗೆ ಇಮೇಲ್ ಹಾಕಬೇಕು. ಐಆರ್‌ಡಿಎಐದು ಬಿಮಾ ಭರೋಸಾ ಅಂತ ಪೋರ್ಟಲ್ ಅದ, 155255ಕ್ಕ ಫೋನ್ ಹಚ್ಚಿದ್ರೂ ಕಂಪ್ಲೇಂಟ್ ತಗೋತಾರ. ಕಂಪನಿಯವ್ರು ಇಲ್ಲ ಅಂದ್ರ, ಇಲ್ಲ ಒಂದು ತಿಂಗಳು ಸುಮ್ನ ಕುಂತ್ರ, ಕಂಪನಿ ಮ್ಯಾಲಿನ ದೂರು ಕೇಳಿ ತೀರ್ಪು ಕೊಡೋ ಇನ್ಶೂರೆನ್ಸ್ ಓಂಬುಡ್ಸ್‌ಮನ್. ನಮ್ಮ ಕರ್ನಾಟಕದ್ದು ಬೆಂಗಳೂರು ಜೆ.ಪಿ. ನಗರದಾಗ ಅದ. ಅಲ್ಲಿ ಫೀಸ್ ಇಲ್ಲ, ವಕೀಲ್ರು ಬೇಕಾಗಿಲ್ಲ, 50 ಲಕ್ಷದ ತನಕ ಕೇಳಬಹುದು, ರಿಜೆಕ್ಟ್ ಆದ ಒಂದು ವರ್ಷದೊಳಗ ಹಾಕಬೇಕು. ಕಲಬುರಗಿಂದ ಬೆಂಗಳೂರಿಗೆ ಒಂದು ರಾತ್ರಿ ಟ್ರೇನು, ನಡಾ ಬ್ಯಾನಿ ಇದ್ದೋರು ಹ್ಯಾಂಗ ಹೋಗಬೇಕು ಅಂತ ನಾನೂ ಅಂಜಿದ್ದೆ, ಆದ್ರ ಅರ್ಜಿ ಆನ್‌ಲೈನ್ ಹಾಕಬಹುದು, ಹಿಯರಿಂಗೂ ವಿಡಿಯೋ ಮ್ಯಾಲೇ ಮಾಡ್ತಾರ. ಅವರು ಕೊಡ್ರಿ ಅಂತ ಆರ್ಡರ್ ಮಾಡಿದ್ರ ಕಂಪನಿ 30 ದಿನದಾಗ ಕೊಡಬೇಕು, ಇಲ್ಲಂದ್ರ ದಿನಕ್ಕ 5,000 ರೂಪಾಯಿ ನಮಗೇ ಹೆಚ್ಚಿಗಿ ಕೊಡಬೇಕಾಗ್ತದ.

ಇದೆಲ್ಲಕ್ಕಿಂತ ಮೊದಲ ಮಾಡೋ ಕೆಲಸ ಒಂದದ. ಅಡ್ಮಿಟ್ ಆದ ಮೊದಲನೇ ತಾಸಿನ್ಯಾಗ, ಡ್ಯೂಟಿ ಡಾಕ್ಟ್ರು ಬರದದ್ದನ್ನ ಅವರ ಎದುರಿಗೇ ಓದಿಸಿ ಕೇಳ್ರಿ. ನಾಚ್ಕೊಬ್ಯಾಡ್ರಿ. ಯಾವಾಗಿಂದ ಅಂತ ಬರದೀರಿ ಸರ್ ಅಂತ ಕೇಳ್ರಿ. ಇಂಗ್ಲಿಷ್ ಬರಂಗಿಲ್ಲಂದ್ರ ನರ್ಸಿಗೆ ಕೇಳ್ರಿ, ಮಕ್ಕಳಿಗೆ ಕೇಳ್ರಿ, ಮೊಬೈಲಿನ್ಯಾಗ ಫೋಟೋ ಹೊಡ್ಕೊಂಡು ನನಗ ಕಳಸ್ರಿ. ನಮ್ಮ ಹಳ್ಳಿ ಮಂದಿಗೆ ಬ್ಯಾನಿ ಹೇಳಬೇಕಂದ್ರ ಸುತ್ತು ಹಾಕಿ ಹೇಳೋದೇ ರೂಢಿ, ನಾಟಿ ಮಾಡಿದ್ದು, ಬಾಣಂತನ, ಹೊಲ, ರೊಟ್ಟಿ ಎಲ್ಲಾ ಬಂದ ಮ್ಯಾಲೇ ಬ್ಯಾನಿ ಬರ್ತದ. ಕೇಳೋರಿಗೆ ಅಷ್ಟು ಪುರಸೊತ್ತು ಇರಂಗಿಲ್ಲ.

ಇಂಜೆಕ್ಷನ್ನಿಂದ ನೋವು ಇಳೀತೇನು ಅಂತ ಹುಡುಗ ಕೇಳಿದ. ಇಳದದ, ಪೂರಾ ಅಲ್ಲ. ಕಾಲಿನ ಕರೆಂಟು ಹೋಗ್ಯಾದ, ನಡಾ ಇನ್ನೂ ಹಿಡೀತದ. ನೆಲದ ಮ್ಯಾಲ ಕುಂದರೋದು ಬಿಡಿಸೀವಿ, ಕಟ್ಟಿ ಮ್ಯಾಲ ಒಲಿ ಏರಿಸಿ ಕೊಟ್ಟೀನಿ, ನಿಂತು ಬಡೀತಾಳ, ಐವತ್ತು ರೊಟ್ಟಿ ಆದ ಕೂಡ್ಲೆ ನಾ ಬಂದ್ ಮಾಡ್ಸತೀನಿ. ಒಂದು ಖಾನಾವಳಿ ಬಿಟ್ಟು ಕೊಟ್ಟೀವಿ. ರಾತ್ರಿ ಮೂರಕ್ಕ ಈಗ ಮಲಗಿರ್ತಾಳ. ನನಗೇ ಎಚ್ಚರ ಆಗ್ತದ, ರೂಢಿ ಆಗ್ಯಾದ, ಎದ್ದು ನೋಡಿ ಮತ್ತ ಮಲಗ್ತೀನಿ.

ಓಂಬುಡ್ಸ್‌ಮನ್ ಹಿಯರಿಂಗ್ ಬರೋ ಗುರುವಾರ ಹನ್ನೊಂದಕ್ಕ ಅದ, ಅಂಗಡಿಯೊಳಗಿನ ಕಂಪ್ಯೂಟರ್ ಮುಂದೇ ಕುಂದರೂದು. ಕೇಸ್ ಶೀಟಿನ ಆ ಹಾಳಿ ಕಲರ್ ಪ್ರಿಂಟ್ ತಗದು ಇಟ್ಟೀನಿ. ಅಕಿಗೆ ಹೇಳೀನಿ, ಆ ದಿನ ಡಾಕ್ಟ್ರಿಗೆ ಏನು ಹೇಳಿದ್ದೋ ಅದನ್ನೇ ಹೇಳು, ರೊಟ್ಟಿಂದೂ ಹೇಳು, ಒಂದಕ್ಷರ ಬಿಡಬ್ಯಾಡ ಅಂತ. ಆ ದಿನ ಹನ್ನೆರಡರ ತನಕ ಅಂಗಡಿ ಶಟರ್ ಅರ್ಧ ಇರ್ತದ, ಝೆರಾಕ್ಸಿಗೆ ಬರೋರು ಆಮ್ಯಾಲ ಬರ್ರಿ. ಯಾರದಾದ್ರೂ ಇಂಥ ರಿಜೆಕ್ಷನ್ ಲೆಟರ್ ಇದ್ರ ಸಂಜಿ ಆರರ ಮ್ಯಾಲ ತಗೊಂಡು ಬರ್ರಿ, ಕೂಡಿ ಓದೂಣು.