ತನಗೆ ತಾನೇ ಸಮವಲ್ಲದ ಸಂಖ್ಯೆಯ ಗೋಳು

0.1ಕ್ಕೆ 0.2 ಕೂಡಿಸಿದರೆ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕೊಡುವ ಉತ್ತರ 0.30000000000000004. ಇದು 0.3ಕ್ಕೆ ಸಮವಾ ಅಂತ ಕೇಳಿದರೆ ಅಲ್ಲ ಅನ್ನುತ್ತದೆ. ಯಂತ್ರದ ತಪ್ಪಲ್ಲ ಬಿಡಿ. ಅದರದ್ದು ಎರಡರ ಲೆಕ್ಕ, 0 ಮತ್ತು 1 ಬಿಟ್ಟರೆ ಬೇರೆ ಅಂಕಿ ಇಲ್ಲ. ಹತ್ತರಲ್ಲಿ ಒಂದು ಭಾಗವನ್ನು ಆ ಲೆಕ್ಕದಲ್ಲಿ ಎಷ್ಟು ಬರೆದರೂ ಮುಗಿಯುವುದಿಲ್ಲ. ಒಂದು ಸಂಖ್ಯೆಗೆ ಇರುವುದೇ 64 ಬಿಟ್, ಅಂದರೆ ಅಂಥ 64 ಅಂಕಿಗಳ ಜಾಗ, ಬಾಲ ಕತ್ತರಿಸಲೇಬೇಕು. ಬಾಲದ ಬಗ್ಗೆ ನನಗೆ ತಕರಾರಿಲ್ಲ. ತಕರಾರು ಇರುವುದು ಡಾಕ್ಯುಮೆಂಟೇಶನ್, ಅಂದರೆ ಈ ಭಾಷೆಗಳ ಕೈಪಿಡಿ ಬರೆಯುವವರ ಮೇಲೆ.

ನ್ಯಾನ್ (NaN, 'ಸಂಖ್ಯೆಯಲ್ಲ') ಎಂಬ ಬಡಪಾಯಿಯನ್ನೇ ನೋಡಿ. ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಿದಾಗ ಹುಟ್ಟುವ ಪ್ರಾಣಿ. ಕಂಪ್ಯೂಟರಿನ ದಶಾಂಶ ಲೆಕ್ಕಕ್ಕೆಂದು 1985ರಲ್ಲಿ ಬಂದ ಐಇಇಇ 754 ನಿಯಮದ ಪ್ರಕಾರ ಇದು ಯಾರಿಗೂ ಸಮವಲ್ಲ, ತನಗೆ ತಾನೂ ಸಮವಲ್ಲ. ಪಿಂಚಣಿ ಕೌಂಟರಿನ ಮುಂದೆ ಖುದ್ದು ನಿಂತ ಅಜ್ಜನಿಗೆ 'ನೀವು ಬದುಕಿದ್ದೀರಿ ಅನ್ನೋದಕ್ಕೆ ಸರ್ಟಿಫಿಕೇಟ್ ತನ್ನಿ' ಅಂದ ಹಾಗೆ.

ಸರಿ, ನಿಯಮ ಅಂದರೆ ನಿಯಮ ಅಂತ ಸುಮ್ಮನಿರೋಣ ಅಂದರೆ ಜಾವಾ ಭಾಷೆ ಬಿಡುವುದಿಲ್ಲ. ಅಲ್ಲಿ 'ಸಮವಾ' ಎಂಬುದರ ಚಿಹ್ನೆ == ಹಾಕಿ ಕೇಳಿದರೆ ನ್ಯಾನ್ ತನಗೆ ಸಮವಲ್ಲ. ಅದನ್ನೇ ಕೇಳುವ ಇನ್ನೊಂದು ಆಜ್ಞೆ ಈಕ್ವಲ್ಸ್ (equals) ಹಾಕಿ ಕೇಳಿದರೆ ಸಮ! ಸೊನ್ನೆ, ಮೈನಸ್ ಸೊನ್ನೆ (ಯಂತ್ರ ಸೊನ್ನೆಗೂ ಚಿಹ್ನೆ ಇಡುತ್ತದೆ) ವಿಷಯಕ್ಕೆ ಬಂದರೆ ಪೂರ್ತಿ ಉಲ್ಟಾ: ==ಗೆ ಎರಡೂ ಒಂದೇ, ಈಕ್ವಲ್ಸ್‌ಗೆ ಬೇರೆ ಬೇರೆ. ಯಾಕಪ್ಪಾ ಅಂದರೆ ಮಾಹಿತಿಯನ್ನು ಬೇಗ ಹುಡುಕಿ ಕೊಡುವ ಹ್ಯಾಶ್ ಟೇಬಲ್ ಎಂಬ ಪಟ್ಟಿ ಸರಿಯಾಗಿ ಕೆಲಸ ಮಾಡಲಿ ಅಂತ ಎಂದು ಡಾಕ್ಯುಮೆಂಟೇಶನ್ನೇ ಹೇಳುತ್ತದೆ. ಟೇಬಲ್ ಗಟ್ಟಿಯಾಗಿದ್ದರೆ ಸಾಕು, ಗಣಿತ ಕುಂಟಿದರೆ ಯಾರಿಗೇನು, ಅಲ್ವಾ?

ಜಾವಾಸ್ಕ್ರಿಪ್ಟ್ ಎಂಬ ಭಾಷೆ ಇನ್ನೂ ಧಾರಾಳಿ. ನ್ಯಾನ್ ಇರುವ ಒಂದು ಅರೇ, ಅಂದರೆ ಸಾಲುಪಟ್ಟಿ ಕೊಟ್ಟು, ಎಲ್ಲಿದೆ ಅಂತ ಹೇಳುವ ಇಂಡೆಕ್ಸ್‌ಆಫ್ (indexOf) ಆಜ್ಞೆಯಿಂದ ಹುಡುಕಿಸಿದರೆ 'ಇಲ್ಲ' ಅನ್ನುತ್ತದೆ. ಅದೇ ಅರೇಯಲ್ಲಿ, ಇದೆಯಾ ಅಂತ ನೋಡುವ ಇನ್‌ಕ್ಲೂಡ್ಸ್ (includes) ಹುಡುಕಿದರೆ 'ಇದೆ'. ಇಬ್ಬರೂ ಒಂದೇ ಮನೆಯವರು. ರಸ್ಟ್ ಭಾಷೆ ಮಾತ್ರ ಮುಚ್ಚುಮರೆ ಇಲ್ಲದೆ ಈ ಸಂಖ್ಯೆಗಳಿಗೆ ಪಾರ್ಷಿಯಲ್‌ಈಕ್ಯೂ (PartialEq), ಅಂದರೆ ಅರ್ಧಂಬರ್ಧ ಸಮಾನತೆ ಕೊಟ್ಟು ಕೈತೊಳೆದುಕೊಂಡಿದೆ.

ಸಿ ಶಾರ್ಪ್ ಭಾಷೆಯಲ್ಲಿ Double.Epsilon (ಡಬಲ್ ಡಾಟ್ ಎಪ್ಸಿಲಾನ್) ಅಂತ ಒಂದು ಪುಟಾಣಿ ಸಂಖ್ಯೆ ಇದೆ. ಎಪ್ಸಿಲಾನ್ ಅಂದರೆ ಗಣಿತದವರ ಬಾಯಲ್ಲಿ ಚಿಕ್ಕ ವ್ಯತ್ಯಾಸ, ಹಾಗಾಗಿ ಹೆಸರು ಕೇಳಿದರೆ ಹೋಲಿಕೆಗೆಂದೇ ಇಟ್ಟಂತಿದೆ. ಡಾಕ್ಯುಮೆಂಟೇಶನ್ ತೆಗೆದರೆ, ಸಮ ಹೌದೋ ಅಲ್ಲವೋ ನೋಡುವಾಗ ಇದನ್ನು ಅಳತೆಗೋಲು ಮಾಡಿಕೊಳ್ಳಬೇಡಿ ಎಂಬ ಬುದ್ಧಿವಾದ.

ಕೊನೆಗೆ 2015ರಲ್ಲಿ ಪೈಥಾನ್ 3.5 ರಾಜಿ ಪಂಚಾಯ್ತಿಗೆ ಕೂತು ಈಸ್‌ಕ್ಲೋಸ್ (isclose) ಎಂಬ ಆಜ್ಞೆ ತಂದಿತು. ಸಮ ಅಂತ ಕೇಳಬೇಡಿ, ಹತ್ತಿರ ಇದೆಯಾ ಅಂತ ಕೇಳಿ. ಒಳ್ಳೆಯದೇ. ಆದರೆ ಇಷ್ಟು ವ್ಯತ್ಯಾಸ ಇದ್ದರೂ ಪರವಾಗಿಲ್ಲ ಅಂತ ನಾವಾಗಿಯೇ ರಿಯಾಯಿತಿ ಬರೆದು ಕೊಡದಿದ್ದರೆ, ಸೊನ್ನೆಗೆ ಸೊನ್ನೆ ಬಿಟ್ಟು ಇನ್ಯಾವುದೂ ಹತ್ತಿರವಲ್ಲ. ಎಷ್ಟು ಪುಟ್ಟ ಸಂಖ್ಯೆ ತಂದು ಪಕ್ಕದಲ್ಲಿ ನಿಲ್ಲಿಸಿದರೂ 'ದೂರ' ಅಂತಲೇ ತೀರ್ಪು. ಅನಂತ ಅನಂತಕ್ಕೆ ಹತ್ತಿರವಾ ಅಂದರೆ ಮಾತ್ರ, ಹೌದು ಸ್ವಾಮಿ, ಹತ್ತಿರ.