ಮಾಲ್ಕಂ ಎಕ್ಸ್ ಕುಟುಂಬದ ಕುರಿತು ಸ್ಪಷ್ಟನೆ
ಕಪ್ಪು ಜನರ ವಿಮೋಚನೆಯ ವಿಚಾರ ಅಮೆರಿಕದ ಕಪ್ಪು ಜನರ ಹೋರಾಟದ ನಾಯಕ ಮಾಲ್ಕಂ ಎಕ್ಸ್ ಅವರಿಗೆ ಮೊದಲು ಪರಿಚಯವಾದದ್ದು ಸೆರೆಮನೆಯಲ್ಲಿ ಎಂಬ ಮಾತು ಹರಿದಾಡುತ್ತಿದೆ, ಅದು ಸರಿಯಲ್ಲ. 1925ರಲ್ಲಿ ಅಮೆರಿಕದ ಒಮಾಹಾದಲ್ಲಿ ಅವರು ಹುಟ್ಟುವ ಹೊತ್ತಿಗಾಗಲೇ ತಂದೆ ಅರ್ಲ್ ಲಿಟಲ್ ಮತ್ತು ತಾಯಿ ಲೂಯಿಸ್ ಇಬ್ಬರೂ ಜಮೈಕಾ ಮೂಲದ ಕಪ್ಪು ಜನರ ನಾಯಕ ಮಾರ್ಕಸ್ ಗಾರ್ವೆ ಕಟ್ಟಿದ ಸಂಘಟನೆಯ ಸಕ್ರಿಯ ಕಾರ್ಯಕರ್ತರಾಗಿದ್ದರು. ಕೆರಿಬಿಯನ್ ದ್ವೀಪ ಗ್ರೆನಡಾದಲ್ಲಿ ಹುಟ್ಟಿದ ಲೂಯಿಸ್ ಅವರು ಒಮಾಹಾ ಶಾಖೆಯ ಕಾರ್ಯದರ್ಶಿಯಾಗಿ ಅಲ್ಲಿನ ಚಟುವಟಿಕೆಗಳ ವರದಿಯನ್ನು ಗಾರ್ವೆಯವರ ‘ನೀಗ್ರೋ ವರ್ಲ್ಡ್’ ಪತ್ರಿಕೆಗೆ ಬರೆದು ಕಳಿಸುತ್ತಿದ್ದರು. ಈ ತಾಯಿಯ ಹೆಸರನ್ನೇ ಬಿಟ್ಟು ಮಗನ ಕಥೆ ಹೇಳುವುದು ದೊಡ್ಡ ಅನ್ಯಾಯ. 1931ರಲ್ಲಿ ಅರ್ಲ್ ತೀರಿಕೊಂಡ ಮೇಲೆ ಮಕ್ಕಳನ್ನು ಒಬ್ಬರೇ ಸಾಕಿದ ಅವರನ್ನು, 1939ರಿಂದ ಸುಮಾರು 24 ವರ್ಷ ಮಿಷಿಗನ್‌ನ ಕಲಮಜೂ ಮಾನಸಿಕ ಆಸ್ಪತ್ರೆಯಲ್ಲಿ ಇರಿಸಲಾಗಿತ್ತು. ಸೆರೆಮನೆಯಲ್ಲಿದ್ದಾಗ ಮಾಲ್ಕಂ ಅಮೆರಿಕದ ಕಪ್ಪು ಜನರ ಧಾರ್ಮಿಕ ಸಂಘಟನೆ ‘ನೇಷನ್ ಆಫ್ ಇಸ್ಲಾಂ’ ಕಡೆಗೆ ಹೊರಳಿದ್ದು ನಿಜ. ಆದರೆ ಅವರನ್ನು ಅತ್ತ ಕರೆದದ್ದೂ ಒಡಹುಟ್ಟಿದವರ ಪತ್ರಗಳು ಮತ್ತು ಭೇಟಿಗಳೇ.