ಸರ್ವರ್ ಇಲ್ಲ, ನಾಳೆ ಬನ್ನಿ

ಕಚೇರಿಯ ಬಾಗಿಲಲ್ಲಿ ಫಲಕವೊಂದು ತೂಗುತ್ತಿತ್ತು: ‘ಸರ್ವರ್ ಇಲ್ಲ.’ ನನಗೆ ಅನುಮಾನ ಬಂದದ್ದು ಅಕ್ಷರಗಳಿಂದಲ್ಲ, ಅದಕ್ಕೆ ಹಾಕಿಸಿದ್ದ ಲ್ಯಾಮಿನೇಶನ್‌ನಿಂದ. ಒಂದು ದಿನದ ತೊಂದರೆಗೆ ಯಾರೂ ಲ್ಯಾಮಿನೇಶನ್ ಮಾಡಿಸುವುದಿಲ್ಲ. ದೇವರ ಪಟಕ್ಕೆ, ಮಕ್ಕಳ ಅಂಕಪಟ್ಟಿಗೆ ಮಾಡಿಸುತ್ತಾರೆ, ಬಾಳಿಕೆ ಬರಬೇಕಾದದ್ದಕ್ಕೆ. ಫಲಕದ ಮೂಲೆಗಳು ಸವೆದಿದ್ದವು. ಮೊಳೆಗೆ ಸಿಕ್ಕಿಸಿದ ದಾರ ಮಾತ್ರ ಹೊಸದು. ಹಳೆಯದು ಹರಿದುಹೋಗಿರಬೇಕು.

ಗಣಕಜಾಲದ ಪರಿಭಾಷೆಯಲ್ಲಿ ಕೇಳುವವನು ಕ್ಲೈಂಟ್, ಬಡಿಸುವವನು ಸರ್ವರ್. ಹೋಟೆಲಿನಲ್ಲಿ ‘ಬಡಿಸುವವನು ಮಲಗಿದ್ದಾನೆ, ಇಡ್ಲಿಗೆ ನಾಳೆ ಬನ್ನಿ’ ಎಂದರೆ ಗಲ್ಲಾದಲ್ಲಿ ಕುಳಿತವರ ಮುಖ ಬಾಡುತ್ತದೆ. ಕಚೇರಿಯಲ್ಲಿ ಬಡಿಸುವವನು ಮಲಗಿದರೆ ಕೌಂಟರಿನವರ ಮುಖಕ್ಕೆ ಕಳೆ ಬರುತ್ತದೆ.

ಹಿಂದಿನ ಗುಮಾಸ್ತರಿಗೆ ಈ ಸುಖ ಇರಲಿಲ್ಲ. ಕಡತ ಕೊಡಲು ಮನಸ್ಸಿಲ್ಲದಿದ್ದರೆ ಕಥೆ ಕಟ್ಟಬೇಕಿತ್ತು: ಸಾಹೇಬರು ಮೀಟಿಂಗಿನಲ್ಲಿದ್ದಾರೆ, ಬೀರುವಿನ ಕೀಲಿ ಇರುವವರು ರಜೆಯಲ್ಲಿದ್ದಾರೆ, ಆ ವರ್ಷದ ಪುಸ್ತಕವನ್ನು ಇಲಿ ತಿಂದಿದೆ. ಈಗ ಎರಡೇ ಶಬ್ದ ಸಾಕು. ಇಲಿಯನ್ನಾದರೂ ಹಿಡಿದು ತೋರಿಸಬಹುದಿತ್ತು, ಸರ್ವರನ್ನು ಕಂಡವರಿಲ್ಲ. ಎಲ್ಲಿದೆ ಎಂದು ಮೊದಲೆಲ್ಲ ಕೇಳಿದರೆ ‘ಬೆಂಗಳೂರಿನಲ್ಲಿ’ ಎನ್ನುತ್ತಿದ್ದರು. ಈ ಸಲ ಕೇಳಿದೆ. ‘ಈಗ ಕ್ಲೌಡ್‌ಗೆ ಹೋಗಿದೆ’ ಎಂದು ಬೆರಳನ್ನು ಮೇಲಕ್ಕೆ ತೋರಿಸಿದರು. ತೀರಿಕೊಂಡವರ ಬಗ್ಗೆ ಮಾತನಾಡುವಾಗಲೂ ನಮ್ಮವರು ತೋರಿಸುವುದು ಅದೇ ದಿಕ್ಕನ್ನು.

ಹಾಗೆಂದು ಸಂಪರ್ಕ ಕಡಿಯುವುದು ನಮ್ಮವರು ಕಂಡುಹಿಡಿದ ವಿದ್ಯೆಯೇನಲ್ಲ. ಇಂಟರ್ನೆಟ್ಟಿನ ಮೂಲಪುರುಷ ಆರ್ಪಾನೆಟ್ ಮೊದಲ ಮಾತಿಗೇ ಮುಗ್ಗರಿಸಿತ್ತು. 1969ರ ಅಕ್ಟೋಬರ್ 29ರ ರಾತ್ರಿ. ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಚಾರ್ಲಿ ಕ್ಲೈನ್ ಎಂಬ ವಿದ್ಯಾರ್ಥಿ, ದೂರದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯ ಕಂಪ್ಯೂಟರಿಗೆ ‘ಲಾಗಿನ್’ ಎಂಬ ಪದವನ್ನು ಒಂದೊಂದೇ ಅಕ್ಷರವಾಗಿ ಕಳುಹಿಸಲು ಕುಳಿತ. ಅತ್ತ ಕಡೆಯವರು ಫೋನಿನಲ್ಲಿದ್ದರು. ‘ಎಲ್’ ಬಂತೇ? ಬಂತು. ‘ಓ’ ಬಂತೇ? ಬಂತು. ‘ಜಿ’ ಎನ್ನುವಷ್ಟರಲ್ಲಿ ಅತ್ತಲಿನ ಯಂತ್ರ ಕೈಚೆಲ್ಲಿತು. ಹೀಗೆ ಜಾಲದ ಮೇಲೆ ಹರಿದ ಮೊಟ್ಟಮೊದಲ ಸಂದೇಶ ‘ಲೋ’ ಎಂದಾಯಿತು. ಅವರಿಗೆ ಅದು ಅರ್ಧಕ್ಕೆ ನಿಂತ ಪದ. ಕನ್ನಡಿಗರಿಗೆ ಮಾತ್ರ ಪೂರ್ತಿ ಅರ್ಥವಾಗುತ್ತದೆ. ಅಂದು ಹಿಡಿದ ಏಕವಚನವನ್ನು ಕೌಂಟರುಗಳು ಇಂದಿಗೂ ಬಿಟ್ಟಿಲ್ಲ. ಅವರು ಸುಮಾರು ಒಂದು ಗಂಟೆಯಲ್ಲಿ ದೋಷ ಸರಿಪಡಿಸಿ ಇಡೀ ಪದ ಕಳುಹಿಸಿದರಂತೆ. ರಾತ್ರಿ ಹತ್ತು ದಾಟಿದ ಮೇಲೆ! ಸಂಬಳ ಪರಿಷ್ಕರಣೆಯ ಜ್ಞಾನವಿಲ್ಲದ ಜನ.

ಇನ್ನೂ ಒಂದು ಕಥೆಯಿದೆ. ಜಾಲದಲ್ಲಿ ಹರಿಯುವ ಮಾಹಿತಿಯ ತುಣುಕುಗಳನ್ನು, ಅಂದರೆ ಡೇಟಾ ಪ್ಯಾಕೆಟ್ಟುಗಳನ್ನು, ಪಾರಿವಾಳದ ಕಾಲಿಗೆ ಕಟ್ಟಿ ಕಳುಹಿಸುವ ನಿಯಮಾವಳಿಯೊಂದನ್ನು 1990ರ ಏಪ್ರಿಲ್ 1ರಂದು ಯಾರೋ ತಮಾಷೆಗೆ ಪ್ರಕಟಿಸಿದರು. 2001ರಲ್ಲಿ ನಾರ್ವೆಯ ಬರ್ಗನ್‌ನಲ್ಲಿ ಕೆಲವರು ಅದನ್ನು ನಿಜವಾಗಿಯೇ ಮಾಡಿ ನೋಡಿದರು. 9 ಪ್ಯಾಕೆಟ್ ಕಳುಹಿಸಿದ್ದಕ್ಕೆ 4 ಉತ್ತರ ಬಂದವು. ತೀರಾ ತಡವಾಗಿ ಬಂದ ಉತ್ತರಕ್ಕೂ ಎರಡು ಗಂಟೆ ಹಿಡಿದಿರಲಿಲ್ಲ. ನಾನು ಅರ್ಜಿ ಕೊಟ್ಟು ಇದು ಮೂರನೆಯ ವಾರ. ಕಾಳು ಹಾಕಬೇಕಾದದ್ದು ಎರಡೂ ಕಡೆ ಇದ್ದದ್ದೇ ಆದರೆ ನನ್ನ ಮತ ಪಾರಿವಾಳಕ್ಕೆ.

ಸಾಲಿನಲ್ಲಿ ನನ್ನ ಮುಂದೆ ಒಬ್ಬ ಅಜ್ಜಿ ಇದ್ದರು. ಅಡಿಕೆ ಸುಲಿದು ಸುಲಿದು ಅವರ ಬೆರಳುಗಳು ಕಪ್ಪಾಗಿದ್ದವು, ಹೆಬ್ಬೆಟ್ಟಿನ ಗೆರೆಗಳು ಸವೆದು ನುಣ್ಣಗಾಗಿದ್ದವು. ಸರ್ವರ್ ಎದ್ದರೂ ಆ ಬೆರಳನ್ನು ಅದು ಗುರುತಿಸುವುದು ಅನುಮಾನ. ಅಜ್ಜಿಗೆ ಆ ಚಿಂತೆ ಇರಲಿಲ್ಲ. ‘ಹೋದ ತಿಂಗಳೂ ಅವರಿಗೆ ಹುಷಾರಿರಲಿಲ್ಲ, ಪಾಪ’ ಎಂದರು.

ಯಂತ್ರಕ್ಕಾದರೂ ಸ್ವಲ್ಪ ಮರ್ಯಾದೆ ಇದೆ. ವೆಬ್ ಸರ್ವರಿಗೆ ಸೇವೆ ಕೊಡಲಾಗದಿದ್ದಾಗ 503 ಎಂಬ ಸಂಕೇತ ಕಳುಹಿಸುತ್ತದೆ. ಜೊತೆಗೆ ಇಷ್ಟು ಸೆಕೆಂಡು ಬಿಟ್ಟು ಬಾ ಎಂದು ಹೇಳುವುದಕ್ಕೂ ಅದರಲ್ಲಿ ಜಾಗವಿದೆ. ನಮ್ಮ ಕೌಂಟರಿನಲ್ಲಿ ಸೆಕೆಂಡಿನ ಲೆಕ್ಕವಿಲ್ಲ, ‘ನಾಳೆ ಬನ್ನಿ’ ಅಷ್ಟೇ. ತೊಂಬತ್ತರ ದಶಕದಲ್ಲಿ ರಾತ್ರಿ ಬಂದು ಕದ ತಟ್ಟುವ ದೆವ್ವವನ್ನು ಓಡಿಸಲು ಜನ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದುಕೊಂಡಿದ್ದರು. ದೆವ್ವ ಓದಿಕೊಂಡು ವಾಪಸಾಗುತ್ತಿತ್ತು, ಮರುದಿನ ಬಂದು ಮತ್ತೆ ಓದುತ್ತಿತ್ತು. ಆ ದೆವ್ವ ಯಾರಾಗಿರಬಹುದು ಎಂಬುದು ನನಗೆ ಸಾಲಿನಲ್ಲಿ ನಿಂತಾಗ ಹೊಳೆಯಿತು. ಸರ್ವರಿನೊಳಗೆ ಮರೆಯಲ್ಲಿ ಕುಳಿತು ದುಡಿಯುವ ಪ್ರೋಗ್ರಾಮಿಗೂ ತಜ್ಞರು ‘ಡೀಮನ್’ ಎಂದೇ ಹೆಸರಿಟ್ಟಿದ್ದಾರೆ. ಒಳಗೆ ಕುಳಿತಿರುವುದೂ ಭೂತ, ಹೊರಗೆ ನಿಂತಿರುವುದೂ ಭೂತ. ನಡುವೆ ಒಬ್ಬ ಗುಮಾಸ್ತ.

ಹೊರಗೆ ಬಂದು ಎದುರಿನ ಝೆರಾಕ್ಸ್ ಅಂಗಡಿಯಲ್ಲಿ ನಿಂತು, ಆ ಫಲಕವನ್ನು ಎಷ್ಟು ಅಂದವಾಗಿ ಮಾಡಿಸಿದ್ದಾರೆ ಎಂದೆ. ಅಂಗಡಿಯಾತ ನಾಚಿಕೊಂಡು ನಕ್ಕ. ‘ನಾನೇ ಮಾಡಿಕೊಟ್ಟದ್ದು ಸಾರ್. ಒಟ್ಟು ಮೂರು ಮಾಡಿಸಿದ್ದಾರೆ. ಎರಡು ಬೀರುವಿನಲ್ಲಿವೆ.’